ಪಾಯಿಂಟಪ್ಪನ ಹೆಂಡತಿಯ ತಲೆನೋವು

ಆ ಬೀದಿಯಲ್ಲಿ ಅವನನ್ನು ಸ್ವಂತ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕನ್ನಡಕದ ಅಂಗಡಿ ಇಟ್ಟು ಇಪ್ಪತ್ತಮೂರು ವರ್ಷವಾಗಿತ್ತು. ಅಷ್ಟೂ ವರ್ಷ, ಮೆಟ್ಟಿಲು ಹತ್ತಿ ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ನಂಬರು ಅರ್ಧ ಪಾಯಿಂಟ್ ಜಾಸ್ತಿಯಾಗಿದೆ ನೋಡಿ." ಕಣ್ಣುರಿ ಅಂದರೂ ಅರ್ಧ ಪಾಯಿಂಟು, ಕಣ್ಣಲ್ಲಿ ನೀರು ಅಂದರೂ ಅರ್ಧ ಪಾಯಿಂಟು, ತಲೆನೋವು ಅಂದರಂತೂ ಕೇಳುವುದೇ ಬೇಡ. ಹೀಗಾಗಿ ಜನ ಅವನನ್ನು ಪಾಯಿಂಟಪ್ಪ ಎಂದರು. ಅವನೂ ನಕ್ಕು ಓಗೊಟ್ಟ.

ಕೆಲಸದಲ್ಲಿ ಅವನು ಮೋಸಗಾರನಲ್ಲ. ಲೆನ್ಸಿನ ಅಂಚು ಉಜ್ಜುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದನ್ನು ಬದಿಗೆಸೆದು ಹೊಸದನ್ನು ಕೈಗೆತ್ತಿಕೊಳ್ಳುತ್ತಿದ್ದ. ಕನ್ನಡಕ ಕೊಡುವ ಮುಂಚೆ ಗಿರಾಕಿಯ ಕಿವಿಯ ಹಿಂದೆ ಬೆರಳಿಟ್ಟು ಕಡ್ಡಿ ಒತ್ತುತ್ತಿದೆಯೇ ಎಂದು ನೋಡುತ್ತಿದ್ದ. ಕಣ್ಣಿನ ವಿಷಯದಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ ಎಂಬ ನಂಬಿಕೆ ಮಾತ್ರ ಸ್ವಲ್ಪ ದಪ್ಪವಾಗಿಯೇ ಇತ್ತು.

ಅವನಿಗೂ ತಲೆನೋವು ಬರುತ್ತಿತ್ತು. ದಿನವಿಡೀ ಬಗ್ಗಿ ಕೂತು ಚಿಕ್ಕ ಚಿಕ್ಕ ತಿರುಪು ಬಿಗಿಸಿದ ಸಂಜೆ, ತಲೆಯ ಸುತ್ತ ಯಾರೋ ಪಟ್ಟಿ ಕಟ್ಟಿ ಎಳೆದ ಹಾಗೆ ಎರಡೂ ಕಡೆ ಬಿಗಿಯುತ್ತಿತ್ತು. ಕತ್ತಿನ ಹಿಂಭಾಗ ಮರಗಟ್ಟುತ್ತಿತ್ತು. ಒಂದು ಲೋಟ ಬಿಸಿ ಚಹಾ ಕುಡಿದು, ಬಾಗಿಲ ಹೊರಗೆ ನಾಲ್ಕು ಹೆಜ್ಜೆ ಓಡಾಡಿ, ಪಕ್ಕದ ಟೈಲರ್ ಜೊತೆ ಹರಟಿದರೆ ಅದು ಎಲ್ಲಿಗೋ ಹೋಗಿಬಿಡುತ್ತಿತ್ತು. ತಲೆನೋವೆಂದರೆ ಇಷ್ಟೇ ಎಂದು ಅವನ ಲೆಕ್ಕ. ಆ ಲೆಕ್ಕದಿಂದಲೇ ಹೆಂಡತಿಯ ತಲೆನೋವನ್ನೂ ಹತ್ತೊಂಬತ್ತು ವರ್ಷ ಅಳೆದ.

ಹೆಂಡತಿ ಅಂಗಡಿಗೆ ಬರುತ್ತಿದ್ದ ಕಾಲವೊಂದಿತ್ತು. ಗಿರಾಕಿಯ ಮುಖ ನೋಡಿ ಫ್ರೇಮು ಆರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. "ನಿಮಗೆ ದುಂಡಗಿನದ್ದು ಬೇಡ ಅಕ್ಕಾ, ಗಲ್ಲ ಇನ್ನೂ ದುಂಡಗೆ ಕಾಣುತ್ತೆ" ಎಂದು ಮುಲಾಜಿಲ್ಲದೆ ಹೇಳಿ, ತಾನೇ ಒಂದು ತೆಗೆದು ಅವರ ಮೂಗಿನ ಮೇಲೆ ಕೂರಿಸಿ ಕನ್ನಡಿ ಹಿಡಿಯುತ್ತಿದ್ದಳು. ಬಂದವರು ಬೇರೆ ಫ್ರೇಮು ಮುಟ್ಟುತ್ತಿರಲಿಲ್ಲ. ಆದರೆ ತಿಂಗಳಲ್ಲಿ ನಾಲ್ಕೈದು ದಿನ ಅವಳು ಬರುತ್ತಿರಲಿಲ್ಲ, ಇಲ್ಲವೇ ಬಂದವಳು ಅರ್ಧಕ್ಕೇ ಎದ್ದು ಹೋಗುತ್ತಿದ್ದಳು. "ತಲೆ ಸಿಡೀತಿದೆ ರೀ" ಎನ್ನುತ್ತಿದ್ದಳು. ಮನೆಗೆ ಹೋಗಿ ಕಿಟಕಿಗೆ ಹೊದಿಕೆ ಸಿಕ್ಕಿಸಿ, ಹಾಸಿಗೆಯ ಪಕ್ಕ ಬಕೆಟ್ಟು ಇಟ್ಟುಕೊಂಡು ಮಲಗುತ್ತಿದ್ದಳು. ವಾಂತಿ ಆಗುತ್ತಿತ್ತು. ಪಾತ್ರೆಯ ಸದ್ದಾದರೆ ಹಣೆ ಗಂಟಿಕ್ಕುತ್ತಿದ್ದಳು. ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದರೂ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ, ನೋಡಿ, "ನಂಗೂ ತಲೆನೋವು ಬರುತ್ತೆ, ನಾನು ಅಂಗಡಿ ತೆಗೆಯಲ್ವಾ?" ಎನ್ನುತ್ತಿದ್ದ. ಅವಳು ಉತ್ತರ ಕೊಡುತ್ತಿರಲಿಲ್ಲ. ಮಾತಾಡಿದರೂ ತಲೆಗೆ ಬಡಿಯುತ್ತಿತ್ತು ಎಂಬುದು ಅವನಿಗೆ ಹೊಳೆದಿರಲಿಲ್ಲ.

ಏನೂ ಮಾಡಲಿಲ್ಲ ಎಂದೇನಲ್ಲ. ನಾಲ್ಕು ಕನ್ನಡಕ ಮಾಡಿಕೊಟ್ಟ. ಮೊದಲನೆಯದು ಮದುವೆಯಾದ ಎರಡನೇ ವರ್ಷ, ಸಣ್ಣ ನಂಬರಿನದು. ಆಮೇಲೆ ತಣ್ಣನೆಯ ಬಣ್ಣದ್ದೊಂದು, ಬಿಸಿಲಿಗೊಂದು, ಓದಲೊಂದು. ಪ್ರತಿ ಸಲವೂ "ಇನ್ನು ನೋಡು, ತಲೆನೋವು ಹತ್ರ ಸುಳಿಯಲ್ಲ" ಎಂದ. ಸುಳಿಯಿತು. ಅವಳು ಕನ್ನಡಕ ಸರಿಯಾಗಿ ಹಾಕಿಕೊಳ್ಳುವುದಿಲ್ಲ ಎಂದು ಬೈದ.

ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಆದ ಸಂಗತಿಯಿಂದ ಅವಳು ಅಂಗಡಿ ಬಿಟ್ಟದ್ದು. ಶಾಲೆ ತೆರೆಯುವ ಸಮಯ, ಅಂಗಡಿಯ ತುಂಬ ಮಕ್ಕಳು, ತಂದೆತಾಯಂದಿರು. ಅವಳು ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಕನ್ನಡಕದ ಡಬ್ಬಿಗಳ ಮೇಲಿನ ಚೀಟಿ ಓದಿ ಓದಿ ಕೊಡುತ್ತಿದ್ದಳು. ನಡುವೆ ಕೈ ತಡೆಯಿತು. ಚೀಟಿಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಒಬ್ಬ ಮೇಷ್ಟರ ಕನ್ನಡಕವನ್ನು ಒಬ್ಬ ಹುಡುಗಿಯ ತಾಯಿಗೆ ಕೊಟ್ಟಳು. ಹಿಂದಕ್ಕೆ ತೆಗೆದುಕೊಳ್ಳಲು ಹೋಗಿ ಟ್ರೇಗೆ ಕೈ ತಾಗಿ, ಹೊಸ ಲೆನ್ಸುಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

"ಏನಾಗಿದೆ ನಿಂಗೆ? ಕಣ್ಣು ಕಾಣ್ಸಲ್ವಾ?" ಎಂದು ಅವನು ಎಲ್ಲರ ಮುಂದೆ ಕಿರುಚಿದ.

"ಅರ್ಧ ಕಾಣ್ತಿಲ್ಲ ರೀ," ಎಂದಳು ಅವಳು, ಮೆಲ್ಲಗೆ. "ನಿಮ್ಮ ಮುಖದಲ್ಲಿ ಎಡಗಡೆ ಇಲ್ಲ. ಅಲ್ಲಿ ಏನೋ ಹೊಳೀತಿದೆ, ಗರಗಸದ ಹಲ್ಲಿನ ಥರ. ನಡುಗ್ತಾ ನಡುಗ್ತಾ ದೊಡ್ಡದಾಗ್ತಿದೆ."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಕನ್ನಡಕದ ಅಂಗಡಿಯವನ ಹೆಂಡತಿಗೇ ಅರ್ಧ ಕಾಣುವುದಿಲ್ಲವಂತೆ! ಪಾಯಿಂಟಪ್ಪನಿಗೆ ಕಿವಿ ಬಿಸಿಯಾಯಿತು. ಅವಳನ್ನು ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ ಬಂದು, ಒಬ್ಬೊಬ್ಬರನ್ನೇ ಸಮಾಧಾನ ಮಾಡಿ ಕಳಿಸುವುದರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಒಳಗೆ ಹೋಗಿ, ಅಕ್ಷರದ ಚಾರ್ಟಿನ ದೀಪ ಹಾಕಿ, "ಓದು" ಎಂದ.

ಅವಳು ಒಂದು ಕಣ್ಣು ಮುಚ್ಚಿ ಓದಿದಳು, ಇನ್ನೊಂದು ಕಣ್ಣು ಮುಚ್ಚಿ ಓದಿದಳು. ಎಲ್ಲಕ್ಕಿಂತ ಕೆಳಗಿನ, ಇರುವೆಯಷ್ಟು ಸಣ್ಣ ಸಾಲನ್ನೂ ತಪ್ಪಿಲ್ಲದೆ ಓದಿದಳು.

"ಈಗ ಕಾಣ್ತಿದೆ ರೀ. ಆಗ ಕಾಣ್ತಿರ್ಲಿಲ್ಲ."

"ಕೆಲಸ ಇದ್ದಾಗ ಕಾಣಲ್ಲ, ಮುಗಿದ ಮೇಲೆ ಕಾಣುತ್ತೆ. ಭಾಳ ಚೆನ್ನಾಗಿದೆ ನಿನ್ನ ಕಣ್ಣು," ಎಂದ ಅವನು.

ಅವಳು ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ಎರಡು ದಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಮುನಿಸಿಕೊಂಡಿದ್ದಾಳೆ ಎಂದುಕೊಂಡ ಅವನು ತಾನೂ ಮುನಿಸಿಕೊಂಡು ಮಾತು ಬಿಟ್ಟ. ಒಂಬತ್ತು ವರ್ಷದ ಮಗಳು ಇಬ್ಬರ ನಡುವೆ ನೀರಿನ ಲೋಟ ಹಿಡಿದು ಓಡಾಡಿದಳು. ಮೂರನೆಯ ದಿನ ಹೆಂಡತಿ ಎದ್ದು ಒಲೆ ಹಚ್ಚಿದಳು. ಅಂಗಡಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಇಲ್ಲಿಗೆ ಮುಗಿದಿದ್ದರೂ ಒಂದು ಲೆಕ್ಕವಾಗುತ್ತಿತ್ತು. ಅವನು ಅದನ್ನು ಕಥೆ ಮಾಡಿಬಿಟ್ಟ. ಗಿರಾಕಿಗಳು ಕಾಯುವಾಗ ಬೇಸರ ಕಳೆಯಲು ಅವನ ಹತ್ತಿರ ನಾಲ್ಕೈದು ನಗೆ ಪ್ರಸಂಗಗಳಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ತರುತ್ತಿದ್ದದ್ದು ಇದೇ. "ನಮ್ಮನೆಯವಳಿಗೆ ಅರ್ಧ ಲೋಕ ಕಾಣ್ಸಲ್ಲ ಸ್ವಾಮಿ. ಯಾವ ಅರ್ಧ ಅಂತೀರಾ? ಕೆಲಸ ಇರೋ ಅರ್ಧ!" ಎಂದು ಶುರು ಮಾಡಿ, ಸ್ಟೂಲು, ಚಾರ್ಟು, ಇರುವೆಯಷ್ಟು ಅಕ್ಷರ ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದ. ಟೈಲರಂತೂ ಆ ಕಥೆಯನ್ನು ಎಷ್ಟು ಸಲ ಕೇಳಿದರೂ ಹೊಸದೆಂಬಂತೆ ತೊಡೆ ತಟ್ಟಿ ನಗುತ್ತಿದ್ದ.

ಹೀಗೇ ಏಳು ವರ್ಷ.

ಆ ವರ್ಷ ಪಾಯಿಂಟಪ್ಪನ ಅಂಗಡಿಗೆ ಪ್ರತಿ ಗುರುವಾರ ಒಬ್ಬ ಕಣ್ಣಿನ ಡಾಕ್ಟರಮ್ಮ ಬರಲು ಶುರು ಮಾಡಿದ್ದರು. ಹಿಂದಿನ ಕೋಣೆಗೆ ಪರದೆ ಕಟ್ಟಿ ಅವರಿಗೆ ಜಾಗ ಮಾಡಿಕೊಟ್ಟಿದ್ದ. ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು. ಎಷ್ಟೇ ಜನ ಕಾಯುತ್ತಿರಲಿ, ಆತುರಪಡದೆ ಪ್ರಶ್ನೆ ಕೇಳುವ ಸ್ವಭಾವ. ಅವನಿಗೆ ಅದು ಸರಿಬರುತ್ತಿರಲಿಲ್ಲ. ಕಣ್ಣು ನೋಡಲು ಇಷ್ಟೊಂದು ಮಾತೇಕೆ?

ಒಂದು ಗುರುವಾರ ಟೈಲರ್ ಬಂದ. ತಲೆನೋವು, ಕನ್ನಡಕ ಬೇಕೇನೋ ನೋಡಿ ಎಂದ. ಪಾಯಿಂಟಪ್ಪ ಈಚೆ ಕಡೆ ಕೂತು ಒಂದು ಫ್ರೇಮಿಗೆ ಲೆನ್ಸು ಕೂರಿಸುತ್ತಿದ್ದ. ಪರದೆಯ ಆಚೆಯ ಮಾತು ಪೂರ್ತಿ ಕೇಳುತ್ತಿತ್ತು.

"ನೋವು ತಲೆಯ ಒಂದೇ ಕಡೆ ಬರುತ್ತಾ, ಎರಡೂ ಕಡೆನಾ?" ಎಂದರು ಡಾಕ್ಟರಮ್ಮ.

"ಎರಡೂ ಕಡೆ. ಬಿಗಿ ಟೋಪಿ ಹಾಕ್ದಂಗೆ."

ಒಂದೇ ಕಡೆ, ಎಂದಿತು ಪಾಯಿಂಟಪ್ಪನ ಮನಸ್ಸು, ತಾನೇ ತಾನಾಗಿ. ಅವಳು ಯಾವಾಗಲೂ ಬಲಗಣ್ಣಿನ ಮೇಲೆ ಅಂಗೈ ಒತ್ತಿಕೊಳ್ಳುತ್ತಾಳೆ.

"ಒತ್ತಿದ ಹಾಗಿರುತ್ತಾ? ಅಥವಾ ನಾಡಿ ಬಡಿದ ಹಾಗೆ ಧಡ್ ಧಡ್ ಅಂತ ಬಡಿಯುತ್ತಾ?"

"ಬಡಿಯೋದೇನಿಲ್ಲ. ಒತ್ತುತ್ತೆ ಅಷ್ಟೆ."

ಸುತ್ತಿಗೆ ರೀ, ಒಳಗಿಂದ ಸುತ್ತಿಗೆ, ಎಂದು ಅವಳು ಅಂದದ್ದು ಅವನಿಗೆ ನೆನಪಾಯಿತು. ಯಾವ ವರ್ಷವೋ ಗೊತ್ತಿಲ್ಲ.

"ಮೆಟ್ಟಿಲು ಹತ್ತಿದ್ರೆ, ಬಗ್ಗಿದ್ರೆ ಜಾಸ್ತಿ ಆಗುತ್ತಾ? ಕೆಲಸ ನಿಲ್ಲಿಸಿ ಮಲಗಬೇಕು ಅನ್ನಿಸುತ್ತಾ?"

"ಇಲ್ಲಮ್ಮ. ನೋವಿದ್ರೂ ಹೊಲೀತಾನೇ ಇರ್ತೀನಿ. ಸ್ವಲ್ಪ ಓಡಾಡಿದ್ರೆ ಕಮ್ಮಿನೇ ಆಗುತ್ತೆ."

"ಹೊಟ್ಟೆ ತೊಳಸೋದು, ವಾಂತಿ? ಬೆಳಕು ಕಂಡ್ರೆ, ಸದ್ದು ಕೇಳಿದ್ರೆ, ವಾಸನೆ ಬಂದ್ರೆ ತಡೆಯೋಕಾಗಲ್ವಾ?"

"ಅಂಥದ್ದೇನಿಲ್ಲ ಡಾಕ್ಟ್ರೇ."

"ಎಷ್ಟು ಹೊತ್ತಿರುತ್ತೆ?"

"ಒಂದ್ ಗಂಟೆ, ಎರಡ್ ಗಂಟೆ. ಚಾ ಕುಡಿದ್ರೆ ಹೋಗುತ್ತೆ."

ಟೈಲರನ ಒಂದೊಂದು 'ಇಲ್ಲ'ಕ್ಕೂ ಪಾಯಿಂಟಪ್ಪನ ಒಳಗೆ ಒಂದೊಂದು 'ಹೌದು' ಬೀಳುತ್ತಿತ್ತು. ಬಕೆಟ್ಟು. ಕಿಟಕಿಗೆ ಸಿಕ್ಕಿಸಿದ ಹೊದಿಕೆ. ಗೋಡೆಗೆ ತಿರುಗಿದ ಮುಖ. ಒಂದು ದಿನ, ಎರಡು ದಿನ, ಕೆಲವು ಸಲ ಮೂರನೆಯ ದಿನದ ಬೆಳಗಿನವರೆಗೆ. ಅವನಿಗೆ ಎಲ್ಲ ಉತ್ತರವೂ ಗೊತ್ತಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ಚೆನ್ನಾಗಿ ನೋಡಿಟ್ಟುಕೊಂಡಿದ್ದವನು ಒಂದು ದಿನವೂ ಅದನ್ನು ಕೂಡಿಸಿ ನೋಡಿರಲಿಲ್ಲ. ಕೈಯಲ್ಲಿದ್ದ ತಿರುಪು ಎಲ್ಲೋ ಬಿತ್ತು. ಹುಡುಕಲಿಲ್ಲ.

"ನಿಮ್ಮದು ಸಾಮಾನ್ಯ ತಲೆನೋವು. ಕತ್ತು ಬಗ್ಗಿಸಿ ಒಂದೇ ಸಮ ಕೂತು ಕೂತು ಬರೋದು," ಎನ್ನುತ್ತಿದ್ದರು ಡಾಕ್ಟರಮ್ಮ. "ಮೈಗ್ರೇನ್ ಆಗಿದ್ರೆ ನಾನು ಕೇಳಿದ್ರಲ್ಲಿ ಹೆಚ್ಚಿನದಕ್ಕೆ ಹೌದು ಅಂತಿದ್ರಿ. ಅದು ಆಳನ್ನ ಮಲಗಿಸಿಬಿಡುತ್ತೆ. ಕೆಲವರಿಗೆ ನೋವು ಶುರುವಾಗೋ ಮುಂಚೆ ಕಣ್ಣ ಮುಂದೆ ಹೊಳೆಯೋ ಗೆರೆಗಳು ಕಾಣ್ತವೆ, ಅಂಕುಡೊಂಕಾಗಿ. ನೋಡ್ತಿರೋದ್ರಲ್ಲಿ ಅರ್ಧ ಭಾಗವೇ ಮಾಯ ಆಗುತ್ತೆ. ಹಾಗೇನಾದ್ರೂ ಆಗಿದೆಯಾ?"

ಟೈಲರ್ ಹೋ ಎಂದು ನಕ್ಕ. "ಅರ್ಧ ಮಾಯ! ಡಾಕ್ಟ್ರೇ, ಅದು ನಂದಲ್ಲ, ಪಾಯಿಂಟಪ್ಪನ ಮನೆಯವ್ರ ಕಥೆ! ಕೇಳಿಲ್ವಾ ನೀವು? ಅರ್ಧ ಲೋಕದ ಕಥೆ?" ಎಂದವನೇ ಸ್ಟೂಲಿನಿಂದ ಚಾರ್ಟಿನವರೆಗೂ ಹೇಳಿದ, ಪಾಯಿಂಟಪ್ಪನ ದನಿಯನ್ನೇ ಅನುಕರಿಸಿ. ಕೊನೆಯ ಮಾತಿಗೆ ತೊಡೆಯನ್ನೂ ತಟ್ಟಿಕೊಂಡ.

ಒಳಗೆ ಅವನೊಬ್ಬನೇ ನಗುತ್ತಿದ್ದ. ಪರದೆ ಸರಿಯಿತು. ಡಾಕ್ಟರಮ್ಮ ಹೊರಗೆ ಬಂದು ಪಾಯಿಂಟಪ್ಪನನ್ನು ನೋಡಿದರು.

"ನಿಜವಾಗ್ಲೂ ಆಗಿದ್ದಾ ಇದು?"

ಅವನು ತಲೆಯಾಡಿಸಿದ.

"ಕಾಣ್ತಿಲ್ಲ ಅಂದು ಎಷ್ಟು ಹೊತ್ತಾದ್ಮೇಲೆ ಚಾರ್ಟ್ ಓದಿಸಿದ್ರಿ?"

"ಮುಕ್ಕಾಲು ಗಂಟೆ... ಅಂಗಡೀಲಿ ಜನ ಇದ್ರು."

"ಅಷ್ಟರಲ್ಲಿ ಹೋಗಿರುತ್ತೆ. ಸಾಮಾನ್ಯವಾಗಿ ಇಪ್ಪತ್ತು ನಿಮಿಷ, ಹೆಚ್ಚಂದ್ರೆ ಒಂದು ಗಂಟೆ. ಕಣ್ಣಲ್ಲಿ ತೊಂದರೆ ಇರಲ್ಲ, ಅದು ಮಿದುಳಲ್ಲಿ ನಡೆಯೋದು. ಚಾರ್ಟ್‌ನಲ್ಲಿ ಎಲ್ಲಿ ಸಿಗುತ್ತೆ? ಆಮೇಲೆ ತಲೆನೋವು ಬಂತಾ?"

"ಎರಡು ದಿನ ಬಾಗಿಲು ಹಾಕ್ಕೊಂಡು ಮಲಗಿದ್ಲು," ಎಂದ ಪಾಯಿಂಟಪ್ಪ. "ನಾನು, ಕೋಪ ಅಂದ್ಕೊಂಡೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಏನಾದರೂ ಎದುರು ಹೇಳಬಹುದಿತ್ತು. "ಆವತ್ತೇ ಯಾರಿಗಾದ್ರೂ ತೋರಿಸಬೇಕಿತ್ತು. ಮೊದಲ ಸಲ ಹಾಗಾದಾಗ ಅದು ಬೇರೆ ದೊಡ್ಡ ಕಾಯಿಲೆ ಆಗಿದ್ರೂ ಆಗಿರಬಹುದಿತ್ತು," ಎಂದು, ಒಂದು ಚೀಟಿಯಲ್ಲಿ ನರಗಳ ಡಾಕ್ಟರೊಬ್ಬರ ವಿಳಾಸ ಬರೆದುಕೊಟ್ಟು ಮುಂದಿನವರನ್ನು ಕರೆದರು. ಟೈಲರ್ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದ.

ಆವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವ ದಾರಿ ಅವನಿಗೆ ಬಲು ಉದ್ದವಾಯಿತು. ಹಣ್ಣಿನ ಗಾಡಿಯವನು ನಮಸ್ಕಾರ ಮಾಡಿದ. ಇವನಿಗೂ ಹೇಳಿದ್ದೆ ಆ ಕಥೆ. ಔಷಧಿ ಅಂಗಡಿಯವನು ಕೈ ಬೀಸಿದ. ಇವನಿಗೆ ಎರಡು ಸಲ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಅವಳನ್ನು ನೋಡಿ ನಗದ ಅಂಗಡಿ ಯಾವುದು ಎಂದು ಹುಡುಕುತ್ತಾ ನಡೆದ.

ಹೆಂಡತಿ ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಾ ಕೂತಿದ್ದಳು. ಅವನು ಕೈ ಕಾಲು ತೊಳೆದು ಬಂದು ಎದುರಿಗೆ ನಿಂತ. ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, "ನಿಂಗೆ ತಲೆನೋವು ಬಂದಾಗ ಒಂದೇ ಕಡೆ ಅಲ್ವಾ ಬರೋದು?" ಎಂದ.

ಅವಳು ತಲೆಯೆತ್ತದೆ, "ಯಾಕೆ? ಐದನೇ ಕನ್ನಡಕನಾ?" ಎಂದಳು.

ಅವನು ಅಲ್ಲೇ ನೆಲದ ಮೇಲೆ ಕೂತ. ಆವತ್ತು ಬೆಳಿಗ್ಗೆ ಆದದ್ದನ್ನೆಲ್ಲ ಹೇಳಿದ. ಡಾಕ್ಟರಮ್ಮನ ಪ್ರಶ್ನೆ, ಟೈಲರನ ಉತ್ತರ, ಮುಕ್ಕಾಲು ಗಂಟೆ. ಕೊನೆಗೆ ಕಥೆಯ ವಿಷಯಕ್ಕೆ ಬಂದ. "ನಿನ್ನ ವಿಷಯ ನಾನು ಅಂಗಡೀಲಿ..." ಎಂದು ನಿಲ್ಲಿಸಿದ.

"ಗೊತ್ತು," ಎಂದಳು.

"ಏನು ಗೊತ್ತು?"

"ಅರ್ಧ ಲೋಕ. ತರಕಾರಿಯವಳು ಕೇಳಿದ್ಲು, ಅಮ್ಮಾ ಈಗ ಪೂರ್ತಿ ಕಾಣುತ್ತಾ ಅಂತ. ಆರು ವರ್ಷ ಆಯ್ತು ಅವಳು ಕೇಳಿ. ಪಾಪ, ಅವಳು ನಿಜವಾಗ್ಲೂ ಕಾಳಜಿಯಿಂದಾನೇ ಕೇಳಿದ್ದು."

ಆರು ವರ್ಷದಿಂದ ಅವಳಿಗೆ ಗೊತ್ತಿತ್ತು. ಆರು ವರ್ಷದಿಂದ ಅವನ ತಟ್ಟೆಗೆ ಅನ್ನ ಬಡಿಸುತ್ತಾ, ಅಂಗಿಗೆ ಗುಂಡಿ ಹೊಲಿಯುತ್ತಾ, ಇದನ್ನು ಇಟ್ಟುಕೊಂಡಿದ್ದಳು. ಅವನು, "ತಪ್ಪಾಯ್ತು ಕಣೇ," ಎಂದ. ಅವಳು ಬೇಳೆಯಲ್ಲಿ ಸಿಕ್ಕ ಒಂದು ಕಲ್ಲನ್ನು ಬೆರಳ ತುದಿಯಲ್ಲಿ ತೆಗೆದು ಪಕ್ಕಕ್ಕಿಟ್ಟಳು.

"ಈಗ ನಾನೇನು ಹೇಳ್ಬೇಕು? ಪರವಾಗಿಲ್ಲ ಅನ್ಬೇಕಾ? ಪರವಾಗಿದೆ ರೀ. ನನಗೇ ಒಂದೊಂದ್ಸಲ ಅನುಮಾನ ಬರ್ತಿತ್ತು, ನಾನೇ ನಾಟಕ ಮಾಡ್ತಿದ್ದೀನೇನೋ ಅಂತ. ವಾಂತಿ ಮಾಡ್ಕೊಳ್ತಾನೂ ಹಾಗೆ ಅಂದ್ಕೊಂಡಿದ್ದೀನಿ." ಆರಿಸಿದ ಬೇಳೆಯನ್ನು ಒಂದು ಕಡೆ ಒಟ್ಟು ಮಾಡಿ, "ಡಾಕ್ಟರ ಹತ್ರ ಹೋಗೋಣ. ಅದಕ್ಕೆ ಬೇಡ ಅನ್ನಲ್ಲ ನಾನು," ಎಂದಳು.

ನರಗಳ ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಅವನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು, "ನೀವಿರಿ, ಅವರು ಹೇಳಲಿ" ಎಂದರು. ಅವಳು ಹೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳದಿದ್ದದ್ದನ್ನು ಇಪ್ಪತ್ತು ನಿಮಿಷ ಹೇಳಿದಳು. ಬರುವ ಹಿಂದಿನ ದಿನ ಆಕಳಿಕೆ ನಿಲ್ಲುವುದಿಲ್ಲ, ಕತ್ತು ಹಿಡಿದುಕೊಳ್ಳುತ್ತದೆ, ಸಿಹಿ ತಿನ್ನಬೇಕೆನಿಸುತ್ತದೆ, ಸಣ್ಣದಕ್ಕೂ ಸಿಡುಕು. ಊಟ ತಡವಾದರೆ, ನಿದ್ದೆ ಕೆಟ್ಟರೆ, ತಿಂಗಳ ಆ ದಿನಗಳು ಹತ್ತಿರ ಬಂದರೆ ಬರುವುದು ಖಂಡಿತ. ಬಂದು ಹೋದ ಮಾರನೆಯ ದಿನ ಮೈಯೆಲ್ಲ ಹಿಂಡಿ ಹಾಕಿದ ಬಟ್ಟೆಯ ಹಾಗೆ. ಕುರ್ಚಿಯ ತುದಿಯಲ್ಲಿ ಕೂತು ಕೇಳುತ್ತಿದ್ದ ಪಾಯಿಂಟಪ್ಪನಿಗೆ ಆ ಆಕಳಿಕೆಗಳೂ ನೆನಪಾದವು. ಸೋಮಾರಿತನ ಎಂದು ಅವಕ್ಕೂ ಒಂದು ಹೆಸರಿಟ್ಟಿದ್ದ.

"ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ನೋವು ಬಂದದ್ದುಂಟಾ? ಜ್ವರದ ಜೊತೆ ಕತ್ತು ಬಿಗಿಯೋದು, ಮಾತು ತೊದಲೋದು, ಕೈಕಾಲು ಸ್ವಾಧೀನ ತಪ್ಪೋದು?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದಳು. "ಒಳ್ಳೇದು. ಅಂಥದ್ದು ಯಾವತ್ತಾದ್ರೂ ಆದ್ರೆ ಒಂದು ನಿಮಿಷ ಕಾಯಬೇಡಿ, ನೇರ ಆಸ್ಪತ್ರೆಗೆ ಬನ್ನಿ. ನೋವಿನ ಮಾತ್ರೆ ಎಷ್ಟು ತಗೋತೀರಾ?"

ಅವಳು ಗಂಡನ ಕಡೆ ಒಮ್ಮೆ ನೋಡಿ, ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಖಾಲಿಯಾದ ಮಾತ್ರೆ ಹಾಳೆಗಳು, ಮಡಿಸಿ ಮಡಿಸಿ ತುಂಬಿದ್ದವು. "ತಿಂಗಳಲ್ಲಿ ಹದಿನೈದು ದಿನ, ಹದಿನೆಂಟು ದಿನ. ಬರುತ್ತೇನೋ ಅನ್ನೋ ಹೆದರಿಕೆಗೂ ತಗೊಂಡುಬಿಡ್ತೀನಿ. ಮಲಗಿದ್ರೆ ಮಾತು ಕೇಳ್ಬೇಕಲ್ಲ."

ಕೊನೆಯ ಮಾತನ್ನು ಅವಳು ಯಾರನ್ನೂ ನೋಡದೆ ಹೇಳಿದಳು. ಪಾಯಿಂಟಪ್ಪ ತನ್ನ ಚಪ್ಪಲಿ ನೋಡಿಕೊಂಡ.

ಇದು ಮೈಗ್ರೇನೇ ಎಂದರು ಡಾಕ್ಟರು. ಇಷ್ಟು ಮಾತ್ರೆ ನುಂಗಿದ್ದರಿಂದ ತಲೆನೋವಿನ ಮೇಲೆ ತಲೆನೋವು ಬೆಳೆದಿದೆ, ಮೊದಲು ಅದನ್ನು ಬಿಡಿಸಬೇಕು, ಎರಡು ಮೂರು ವಾರ ಕಷ್ಟವಾಗುತ್ತದೆ ಎಂದರು. ಬರದ ಹಾಗೆ ತಡೆಯಲು ದಿನಕ್ಕೊಂದು, ಬಂದಾಗ ಶುರುವಿನಲ್ಲೇ ತೆಗೆದುಕೊಳ್ಳಲು ಬೇರೊಂದು ಬರೆದುಕೊಟ್ಟರು. ಬಂದ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದರು. ಆಮೇಲೆ ಪೆನ್ನು ಮುಚ್ಚುತ್ತಾ ಕೇಳಿದರು: "ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?"

"ನಮ್ಮಮ್ಮನಿಗಿತ್ತು," ಎಂದಳು. "ಮಗಳಿಗೂ ಶುರುವಾಗಿದೆ. ಎರಡು ವರ್ಷ ಆಯ್ತು."

ಪಾಯಿಂಟಪ್ಪ ತಲೆಯೆತ್ತಿದ. ಮಗಳಿಗೆ ಹದಿನಾರು. ಬೆಳಿಗ್ಗೆ ಸಂಜೆ ಅವನ ಕಣ್ಣೆದುರಿಗೇ ಓಡಾಡುವವಳು. "ನಂಗ್ಯಾಕೆ ಹೇಳ್ಲಿಲ್ಲ?" ಎಂದ.

"ಅವಳೇ ಹೇಳ್ಬೇಡ ಅಂದ್ಲು."

ಮನೆಗೆ ಬಂದವನು ಮಗಳ ಕೋಣೆಯ ಬಾಗಿಲಲ್ಲಿ ನಿಂತ. ಅವಳು ಮೇಜಿಗೆ ಬಗ್ಗಿ ಏನೋ ಬರೆಯುತ್ತಿದ್ದಳು. ಗದರಿಸುವ ದನಿ ಬರಬಾರದು ಎಂದು ಎರಡು ಸಲ ಗಂಟಲು ಸರಿಮಾಡಿಕೊಂಡು, "ಪುಟ್ಟಾ, ನಿಂಗೂ ತಲೆನೋವು ಬರುತ್ತಂತೆ?" ಎಂದ.

ಅವಳು ಪೆನ್ನು ಇಟ್ಟಳು. "ಅಮ್ಮ ಹೇಳಿಬಿಟ್ಲಾ?"

"ನನ್ನ ಹತ್ರ ಯಾಕಮ್ಮ ಹೇಳ್ಲಿಲ್ಲ?"

"ನಮ್ಮನೇಲಿ ತಲೆನೋವು ಅಂದ್ರೆ ಜೋಕ್ ಅಲ್ವಾ ಅಪ್ಪ," ಎಂದಳು ಮಗಳು. ಚುಚ್ಚಬೇಕೆಂದು ಹೇಳಿದ ಮಾತಲ್ಲ. ಇದ್ದದ್ದನ್ನು ಹೇಳಿದ ಹಾಗೆ ಹೇಳಿದಳು. "ಚಿಕ್ಕೋಳಿದ್ದಾಗ ನಾನೂ ಅಮ್ಮನ್ನ ಅಣಕಿಸ್ತಿದ್ದೆ, ನಿನ್ನ ಥರಾನೇ. ನಂಗೆ ಮೊದಲ ಸಲ ಬಂದಾಗ ಸ್ಕೂಲ್ ಬಾತ್‌ರೂಮಲ್ಲಿ ಕೂತು ಅದನ್ನೇ ಯೋಚಿಸ್ತಿದ್ದೆ."

ಅವನಿಗೆ ಒಳಗೆ ಹೋಗಿ ಅವಳ ತಲೆ ಮುಟ್ಟಬೇಕೆನಿಸಿತು. ಮುಟ್ಟುವ ಅಧಿಕಾರ ಇದೆಯೋ ಇಲ್ಲವೋ ತಿಳಿಯದೆ ಬಾಗಿಲ ಚೌಕಟ್ಟನ್ನೇ ಸವರಿ ಈಚೆಗೆ ಬಂದ.

ಮಾತ್ರೆ ಬಿಟ್ಟ ಮೂರು ವಾರ ಮನೆಯಲ್ಲಿ ಕಷ್ಟವೇ ಆಯಿತು. ಹೆಂಡತಿ ಹೆಚ್ಚು ದಿನ ಮಲಗಿಯೇ ಇದ್ದಳು. ಪಾಯಿಂಟಪ್ಪ ಅಡುಗೆಗೆ ಇಳಿದ. ಅನ್ನ ಒಂದು ದಿನ ಅಂಟಾಯಿತು, ಒಂದು ದಿನ ಅಕ್ಕಿಯಾಗಿಯೇ ಉಳಿಯಿತು. ಲೆನ್ಸನ್ನು ಕೂದಲೆಳೆಯಷ್ಟು ನಿಖರವಾಗಿ ಉಜ್ಜುವವನಿಗೆ ಉಪ್ಪಿನ ಅಳತೆ ಸಿಗಲಿಲ್ಲ. ಪಾತ್ರೆಗಳನ್ನು ಸದ್ದಾಗದಂತೆ ಇಡಲು ಕೆಳಗೆ ಮಡಿಸಿದ ಟವೆಲು ಹಾಸಿದ. ಸ್ಟವ್ ಹಿತ್ತಲಿಗೆ ಒಯ್ದು ಅಲ್ಲೇ ಒಗ್ಗರಣೆ ಹಾಕಿದ. ಗಾಳಿಗೆ ಸ್ಟವ್ ಆರಿ, ಎಣ್ಣೆ ಚೆಲ್ಲಿ, ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕತ್ತಲೆ ಕೋಣೆಯಿಂದ, "ಏನು ಬಿತ್ತು?" ಎಂದು ಕೇಳಿಬಂತು. "ಏನಿಲ್ಲ, ನಾನೇ," ಎಂದ.

ಇಷ್ಟೆಲ್ಲ ಮಾಡಿದರೂ ಹಗುರವಾಗಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ಮೂರು ವಾರದ ಅಂಟು ಅನ್ನ ಯಾವ ಸಮ ಎಂದು ತನಗೇ ಹೇಳಿಕೊಂಡ. ಕ್ಯಾಲೆಂಡರಿನಲ್ಲಿ ಅವಳು ಹಾಕುತ್ತಿದ್ದ ಕೆಂಪು ಗುರುತುಗಳನ್ನು ನೋಡುವಾಗ, ಗುರುತು ಹಾಕದೆ ಹೋದ ದಿನಗಳೇ ಕಣ್ಣಿಗೆ ಕಟ್ಟುತ್ತಿದ್ದವು.

ಟೈಲರಿಗೆ ಅವನೇ ಹೋಗಿ ಹೇಳಿದ. "ಆ ಕಥೆ ಇದೆಯಲ್ಲ, ಅದು ಕಥೆಯಲ್ಲ ಮಾರಾಯ. ಅವಳು ಹೇಳಿದ್ದು ನಿಜ. ನನಗೆ ತಿಳಿದಿರಲಿಲ್ಲ. ಇನ್ಮೇಲೆ ಹೇಳ್ಬೇಡ." ಟೈಲರ್ ಹೊಲಿಗೆ ನಿಲ್ಲಿಸಿ, "ನಂಗೇನು, ನೀನು ಹೇಳ್ದೆ, ನಾನು ನಕ್ಕೆ," ಎಂದು ಗೊಣಗಿದ. ಅದೂ ಸರಿಯೇ. ಹಣ್ಣಿನವನಿಗೆ, ಔಷಧಿ ಅಂಗಡಿಯವನಿಗೆ, ತರಕಾರಿಯವಳಿಗೆ ಹೇಳಿದ. ನಗಿಸಿದಷ್ಟು ಸುಲಭವಾಗಿರಲಿಲ್ಲ ಅದು. ಕೆಲವರಿಗೆ ಕಥೆಯೇ ಮರೆತುಹೋಗಿತ್ತು. ಅವರಿಗೆ ಮೊದಲಿಂದ ನೆನಪಿಸಿ, ಆಮೇಲೆ ಅಲ್ಲ ಎನ್ನಬೇಕಾಯಿತು.

ತಲೆನೋವೆಂದು ಬಂದವರಿಗೆ ಅರ್ಧ ಪಾಯಿಂಟು ಹೇಳುವುದನ್ನೂ ಬಿಟ್ಟ. ಒಂದೇ ಕಡೆಯಾ, ಬಡಿಯುತ್ತಾ, ವಾಂತಿಯಾಗುತ್ತಾ ಎಂದು ಕೇಳಿ, ಹೌದು ಅಂದವರನ್ನು ಡಾಕ್ಟರ ಹತ್ತಿರ ಅಟ್ಟುತ್ತಿದ್ದ. "ಕನ್ನಡಕ ಮಾರೋಕೆ ಕೂತಿದ್ದೀಯೋ ಬೇಡ ಅನ್ನೋಕೋ?" ಎಂದು ಸಿಟ್ಟಾಗಿ ಹೋದವರೂ ಇದ್ದರು.

ಐದು ತಿಂಗಳಾಗುವಷ್ಟರಲ್ಲಿ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ತಿಂಗಳಿಗೆ ಎರಡು ಮೂರಕ್ಕೆ ಇಳಿದಿತ್ತು. ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಗಳನ್ನೂ ಅವರೇ ನೋಡಿ, ಬಂದಾಗ ತೆಗೆದುಕೊಳ್ಳಲು ಮಾತ್ರೆ ಬರೆದುಕೊಟ್ಟಿದ್ದರು. ಹೆಂಡತಿಯ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಒಂದು ದಿನ ಧೈರ್ಯ ಮಾಡಿ, "ಅಂಗಡಿಗೆ ಬರ್ತೀಯಾ? ಫ್ರೇಮ್ ಆರಿಸೋರಿಲ್ಲ. ಟ್ಯೂಬ್‌ಲೈಟ್ ತೆಗೆಸಿ ಮೆತ್ತನೆ ಬೆಳಕು ಹಾಕಿಸ್ತೀನಿ," ಎಂದ. ಅವಳು ಯೋಚಿಸಿಯೇ ಉತ್ತರ ಕೊಟ್ಟಳು: "ಬೇಡ ರೀ. ಬೆಳಕಿಗಲ್ಲ. ಅಲ್ಲಿ ನಿಂತ್ರೆ ಆ ಸ್ಟೂಲು ಕಾಣುತ್ತೆ ನಂಗೆ." ಅವನು ಮತ್ತೆ ಕೇಳಲಿಲ್ಲ. ಅವಳು ಈಗ ಹಿಂದಿನ ಬೀದಿಯ ಬಟ್ಟೆ ಅಂಗಡಿಯಲ್ಲಿ ಅರ್ಧ ದಿನ ಕೆಲಸಕ್ಕೆ ಹೋಗುತ್ತಾಳೆ. ಬಂದವರಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಮುಲಾಜಿಲ್ಲದೆ ಹೇಳುತ್ತಾಳಂತೆ.

ಮೊನ್ನೆ ಮೊನ್ನೆ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಂಗಡಿಯ ಫೋನು ರಿಂಗಾಯಿತು. ಮಗಳು, ಸ್ಕೂಲಿನ ಆಫೀಸಿನಿಂದ.

"ಅಪ್ಪ, ಬರ್ತಿದೆ. ಬೋರ್ಡ್ ಮೇಲೆ ಬರೆದಿದ್ರಲ್ಲಿ ಅರ್ಧ ಇಲ್ಲ."

"ಮಾತ್ರೆ ತಗೊಂಡ್ಯಾ?"

"ತಗೊಂಡೆ."

"ಕಣ್ಣು ಮುಚ್ಚಿ ಕೂತಿರು. ಬಂದೆ." ಆಮೇಲೆ ತಡೆಯಲಾರದೆ, "ಪುಟ್ಟಾ, ನಂಗೇ ಫೋನ್ ಮಾಡ್ದೆಯಲ್ಲ..." ಎಂದ.

"ಅಮ್ಮ ಫೋನ್ ಎತ್ತಲಿಲ್ಲ, ಅದಕ್ಕೆ," ಎಂದಳು ಮಗಳು.

ಮೂಗಿನ ಮೇಲೆ ಅರ್ಧಂಬರ್ಧ ಫ್ರೇಮು ಏರಿಸಿಕೊಂಡಿದ್ದ ಗಿರಾಕಿಗೆ ಸಂಜೆ ಬನ್ನಿ ಎಂದು ಹೇಳಿ, ಶಟರು ಎಳೆದು, ಪಾಯಿಂಟಪ್ಪ ಬಿಸಿಲಿನಲ್ಲಿ ಬಿರಬಿರನೆ ನಡೆದ. ಆಫೀಸಿನ ಬೆಂಚಿನ ಮೇಲೆ ಮಗಳು ಬಿಳಿಚಿಕೊಂಡು ಕೂತಿದ್ದಳು. ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಕೊಡೆ ತರಲು ಮರೆತಿದ್ದ. ಅದಕ್ಕೂ ತನ್ನನ್ನೇ ಬೈದುಕೊಳ್ಳುತ್ತಾ, ಬಿಸಿಲು ಬೀಳುವ ಕಡೆಗೆ ತಾನು ನಡೆದು, ಅವಳನ್ನು ತನ್ನ ನೆರಳಿನಲ್ಲಿಟ್ಟುಕೊಂಡು ಮನೆಯ ಕಡೆ ಹೊರಟ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮಾತಾಡಿದರೆ ತಲೆಗೆ ಬಡಿಯುತ್ತದೆ ಎಂಬುದು ಈಗ ಅವನಿಗೆ ಗೊತ್ತಿತ್ತು.